ಬಿಲ್ಜ್ ಪಂಪ್ ಲೇಖನ ಕಳಿಸಿದವರಿಗೆ: ಪಂಪ್ ಆಮೇಲೆ, ಮೊದ್ಲು ಪೈಪ್ ಬಗ್ಗೆ ಬರೀರಿ

ನಮಸ್ಕಾರ,

ನೀವು ಕಳಿಸಿದ 'ಹಾಯಿದೋಣಿಗೆ ಬಿಲ್ಜ್ ಪಂಪ್ ಪ್ಲಂಬಿಂಗ್: ಒಂದು ಸಮಗ್ರ ನೋಟ', ಅಂದ್ರೆ ದೋಣಿ ತಳದಲ್ಲಿ (ಬಿಲ್ಜ್) ಸೇರೋ ನೀರನ್ನ ಹೊರಗೆ ಹಾಕೋ ಪಂಪು ಪೈಪಿನ ಲೇಖನ, ಪೂರ್ತಿ ಓದ್ದೆ, ಕೆಲವು ಭಾಗ ಎರಡೆರಡು ಸಲ ಓದ್ದೆ. ಸುತ್ತಿ ಬಳಸಿ ಹೇಳೋದು ಬೇಡ, ಈಗಿರೋ ಹಾಗೆ ಇದನ್ನ ಹಾಕೋಕಾಗಲ್ಲ. ಹಾಗಂತ ಕೈಬಿಡಿ ಅಂತಾನೂ ಹೇಳ್ತಿಲ್ಲ, ಯಾಕಂದ್ರೆ ನೀವು ಬಿಲ್ಜ್ ಒಳಗೆ ಕೈ ಹಾಕಿ ಕೆಲಸ ಮಾಡಿರೋರು ಅನ್ನೋದು ಏಳನೇ ಪುಟದಲ್ಲಿ ಗೊತ್ತಾಗುತ್ತೆ. ತೊಂದ್ರೆ ಏನಂದ್ರೆ ಅದಕ್ಕೆ ಮುಂಚೆ ಆರು ಪುಟ ಇದೆ.

ಮೊದಲ ಎರಡು ಪುಟ ಆರ್ಕಿಮಿಡೀಸ್‌ಗೆ ಹೋಗಿದೆ. ಸಿರಾಕ್ಯೂಸಿಯಾ ಅನ್ನೋ ದೈತ್ಯ ಹಡಗಿನ ತಳದ ನೀರನ್ನ ಅವನ ಸ್ಕ್ರೂ ಇಟ್ಕೊಂಡು ಒಬ್ಬನೇ ಮನುಷ್ಯ ಎತ್ತಿ ಹಾಕ್ತಿದ್ದ ಅಂತ ಹಳೇ ಗ್ರೀಕ್ ಬರಹದಲ್ಲಿ ಬರುತ್ತಲ್ಲ, ಆ ಒಂದು ಸಾಲು ಬೇಕಿದ್ರೆ ಇಟ್ಕೊಳ್ಳಿ, ಚೆನ್ನಾಗಿದೆ. ಮಿಕ್ಕಿದ್ದು ಹೊಡೆದು ಹಾಕಿ. ಆಮೇಲೆ ನಾಲ್ಕು ಪುಟ ಪಂಪ್‌ಗಳ ವಿವರ, ಇದು 500 ಜಿಪಿಎಚ್ (ಗಂಟೆಗೆ ಇಷ್ಟು ಗ್ಯಾಲನ್), ಅದು 1000, ಇನ್ನೊಂದು 2000, ಯಾವುದಕ್ಕೆ ಎಷ್ಟು ಆಂಪಿಯರ್, ಯಾವುದರ ಮೋಟರ್ ಬಿಚ್ಚಬಹುದು, ಎಲ್ಲಾ ಡಬ್ಬದ ಮೇಲೇ ಇರೋ ವಿಷಯ. ತಲೆಬರಹದಲ್ಲಿ ಪ್ಲಂಬಿಂಗ್ ಅಂತ ಹಾಕಿ ಈ ಆರು ಪುಟದಲ್ಲಿ ಪೈಪಿನ ಬಗ್ಗೆ ಬಂದಿರೋದು ಒಂದೇ ಪ್ಯಾರಾ, ಅದರಲ್ಲೂ "ಸೂಕ್ತ ಗಾತ್ರದ ಪೈಪನ್ನು ಅಳವಡಿಸತಕ್ಕದ್ದು" ಅಂತ ಬರ್ದು ಕೈತೊಳ್ಕೊಂಡಿದೀರಿ. ಸೂಕ್ತ ಅಂದ್ರೆ ಎಷ್ಟು ಸ್ವಾಮಿ? ಅದನ್ನ ತಿಳ್ಕೊಳ್ಳೋಕೇ ಅಲ್ವಾ ಓದೋರು ಬಂದಿರೋದು?

ಇನ್ನು ಮುಖ್ಯವಾದ ವಿಷಯ, ಇದೊಂದು ಇಲ್ದೇ ಇದ್ದಿದ್ರೆ ಬರೀ ಭಾಷೆ ತಿದ್ದಿ ವಾಪಸ್ ಕಳಿಸ್ತಿದ್ದೆ. ಎಂಟನೇ ಪುಟದಲ್ಲಿ "ಸಮುದ್ರದ ನೀರು ಒಳಗೆ ಬರದಂತೆ ಹೊರಹರಿವಿನ ಪೈಪಿನಲ್ಲಿ ಒಂದು ಚೆಕ್ ವಾಲ್ವ್ ಹಾಕಿದರೆ ಸಾಕು" ಅಂತ ಬರ್ದಿದೀರಿ. ಚೆಕ್ ವಾಲ್ವ್ ಅಂದ್ರೆ ನೀರನ್ನ ಒಂದೇ ಕಡೆಗೆ ಬಿಡೋ ವಾಲ್ವ್, ಅದೊಂದೇ ಸಾಕಾಗಲ್ಲ. ಇದನ್ನ ನಂಬಿ ಯಾರಾದ್ರೂ ದೋಣೀನ ದಡಕ್ಕೆ ಕಟ್ಟಿ ಮನೆಗೆ ಹೋದ್ರೆ ವಾಪಸ್ ಬರೋವಾಗ ದೋಣಿ ಸಮುದ್ರದ ತಳ ಸೇರಿರುತ್ತೆ. ಹಾಯಿದೋಣಿ ವಾಲುತ್ತೆ, ಇಪ್ಪತ್ತು ಇಪ್ಪತ್ತೈದು ಡಿಗ್ರಿ ವಾಲೋದು ಮಾಮೂಲು. ನೆಟ್ಟಗಿದ್ದಾಗ ನೀರಿನ ಮೇಲೆ ಒಂದು ಗೇಣು ಎತ್ತರದಲ್ಲಿರೋ ಔಟ್‌ಲೆಟ್ ವಾಲಿದಾಗ ನೀರೊಳಗೆ ಹೋಗುತ್ತೆ. ಆ ಹೊತ್ತಿಗೆ ಪಂಪ್ ಓಡ್ತಿದ್ರೆ ಪೈಪ್ ತುಂಬಾ ನೀರಿರುತ್ತೆ, ಪಂಪ್ ನಿಂತ ತಕ್ಷಣ ಅದೇ ದಾರೀಲಿ ಸಮುದ್ರ ಸೈಫನ್ ಆಗಿ, ಅಂದ್ರೆ ತುಂಬಿದ ಪೈಪಲ್ಲಿ ತಾನಾಗೇ ಎಳ್ಕೊಂಡು, ಒಳಗೆ ಬರೋಕೆ ಶುರುವಾಗುತ್ತೆ, ಯಾಕಂದ್ರೆ ಬಿಲ್ಜಲ್ಲಿ ಮುಳುಗಿರೋ ಸೆಂಟ್ರಿಫ್ಯೂಗಲ್ (ಚಕ್ರ ತಿರುಗಿ ನೀರು ನೂಕೋ) ಪಂಪ್ ಒಳಗೆ ತಡೆಯೋಕೆ ಏನೂ ಇಲ್ಲ, ನಿಂತಾಗ ಅದು ತೆರೆದ ಬಾಗಿಲೇ. ಚೆಕ್ ವಾಲ್ವ್ ತಡೆಯುತ್ತಲ್ಲ ಅಂತೀರಿ, ಆದ್ರೆ ಬಿಲ್ಜ್ ನೀರಲ್ಲಿ ಕೂದಲು, ಮರದ ಚೂರು, ಫೈಬರ್‌ಗ್ಲಾಸ್ ಪುಡಿ, ಎಣ್ಣೆ ಜಿಡ್ಡು ಎಲ್ಲಾ ಇರುತ್ತೆ, ವಾಲ್ವಿನ ಮುಚ್ಚಳದ (ಫ್ಲಾಪ್) ಕೆಳಗೆ ಒಂದು ಚೂರು ಸಿಕ್ಕಿಕೊಂಡ್ರೆ ಮುಗೀತು. ದೋಣಿಗಳಿಗೆ ಮಾನದಂಡ ಮಾಡೋ ಅಮೆರಿಕದ ಎಬಿವೈಸಿ ಸಂಸ್ಥೆ ಕೂಡ ಚೆಕ್ ವಾಲ್ವಿಗೆ ಒಪ್ಪೋದು ಒಂದೇ ಕಾರಣಕ್ಕೆ, ಪೈಪಿಂದ ವಾಪಸ್ ಬೀಳೋ ನೀರಿಗೆ ಆಟೋಮ್ಯಾಟಿಕ್ ಪಂಪ್ ಪದೇ ಪದೇ ಆನ್ ಆಗೋದನ್ನ ತಪ್ಪಿಸೋಕೆ ಬೇರೆ ದಾರಿ ಇಲ್ದಿದ್ರೆ ಮಾತ್ರ.

ಸೈಫನ್‌ಗೆ ತಡೆ ಹಾಕೋಕೆ ಬೇಕಾಗಿರೋದು ಎತ್ತರದ ಲೂಪ್ (ನೀರಿನ ಮಟ್ಟದಿಂದ ಮೇಲೇರಿ ಮತ್ತೆ ಇಳಿಯೋ ಪೈಪಿನ ಬಾಗು), ಅದರ ತಲೆ ಮೇಲೆ ಗಾಳಿ ಎಳ್ಕೊಳ್ಳೋ ವೆಂಟ್. ನೀವು ವೆಂಟೆಡ್ ಲೂಪ್ ಅಂತ ಹೆಸರು ಹೇಳಿ ಮುಂದೆ ಹೋಗಿಬಿಟ್ಟಿದೀರಿ, ಅದನ್ನ ಎಲ್ಲಿಡಬೇಕು ಅನ್ನೋದೇ ಇಲ್ಲ. ದೋಣಿಯ ನಡುಗೆರೆ ಹತ್ರ ಇಟ್ಟಷ್ಟೂ ಒಳ್ಳೇದು, ಎಡಕ್ಕೆ ವಾಲಲಿ ಬಲಕ್ಕೆ ವಾಲಲಿ ಅಲ್ಲಿ ಎತ್ತರ ಅಷ್ಟೇನೂ ಬದಲಾಗಲ್ಲ, ಅದೇ ಬದಿಯ ಲಾಕರ್ ಒಳಗೆ ಇಟ್ರೆ ಒಂದು ಕಡೆಗೆ ವಾಲಿದಾಗ ಲೂಪ್ ಸಮೇತ ಕೆಳಗೆ ಹೋಗುತ್ತೆ. ವೆಂಟಿನ ಪುಟ್ಟ ವಾಲ್ವಲ್ಲಿ ಉಪ್ಪು ಕಟ್ಟುತ್ತೆ, ಆಗಾಗ ಬಿಚ್ಚಿ ಸಿಹಿನೀರಲ್ಲಿ ತೊಳೀದಿದ್ರೆ ಅದು ಇದ್ದೂ ಇಲ್ದಂಗೆ, ಇದನ್ನೂ ಹೇಳಿ. ಔಟ್‌ಲೆಟ್ಟನ್ನ ಹಿಂಬದಿ ಗೋಡೆ, ಅಂದ್ರೆ ಟ್ರಾನ್ಸಮ್‌ನಲ್ಲಿ ಎತ್ತರಕ್ಕೆ ತಗೊಂಡು ಹೋದ್ರೆ ವಾಲೋ ಕಾಟ ಕಡಿಮೆ, ಆದ್ರೆ ಇಂಜಿನ್ ಹಾಕಿ ಜೋರಾಗಿ ಹೋಗೋವಾಗ ಹಿಂಭಾಗ ಕೂರುತ್ತೆ, ಹಿಂದಿಂದ ಅಲೆ ಬಂದು ಹೊಡೆಯುತ್ತೆ, ಅಲ್ಲಿಗೂ ಲೂಪ್ ಬೇಕೇ ಬೇಕು.

ಚೆಕ್ ವಾಲ್ವಿನ ಇನ್ನೊಂದು ಕಾಟ ನೀವೂ ನೋಡಿರಬೇಕು, ಯಾಕೋ ಬರ್ದಿಲ್ಲ. ಪಂಪ್ ಬಿಲ್ಜ್ ಖಾಲಿ ಮಾಡಿ ನಿಂತಾಗ ವಾಲ್ವಿನ ಮೇಲೆ ಒಂದು ಕಂಬ ನೀರು ನಿಂತಿರುತ್ತೆ, ಕೆಳಗೆ ಪಂಪಿನೊಳಗೆ ಗಾಳಿ. ಮುಂದಿನ ಸಲ ನೀರು ಬಂದಾಗ ಆ ಗಾಳಿಗೆ ಹೋಗೋಕೆ ಜಾಗ ಇಲ್ಲ, ಪಂಪಿನ ಚಕ್ರ (ಇಂಪೆಲ್ಲರ್) ಗಾಳೀಲೇ ತಿರುಗುತ್ತೆ, ಮೇಲಿನ ನೀರನ್ನ ನೂಕಿ ವಾಲ್ವ್ ತೆಗೆಯೋ ಅಷ್ಟು ಒತ್ತಡ ಅದಕ್ಕೆ ಬರಲ್ಲ. ಕ್ಯಾಬಿನ್ನಲ್ಲಿ ಕೂತವನಿಗೆ ಪಂಪ್ ಗುಂಯ್ ಅನ್ನೋದು ಕೇಳಿಸುತ್ತೆ, ಓಡ್ತಾ ಇದೆ ಅಂತ ನೆಮ್ಮದಿ, ಹೊರಗೆ ಬಗ್ಗಿ ನೋಡಿದ್ರೆ ಔಟ್‌ಲೆಟ್ಟಿಂದ ಒಂದು ಹನಿ ಇಲ್ಲ. ಪೈಪ್ ಎಲ್ಲಾದ್ರೂ ಜೋತುಬಿದ್ದು ತಗ್ಗಲ್ಲಿ ನೀರು ನಿಂತ್ರೂ ಇದೇ ಕಥೆ. ಹಾಗಾಗಿ ಪಂಪಿಂದ ಲೂಪಿನ ತಲೆವರೆಗೆ ಪೈಪ್ ಒಂದೇ ಸಮ ಏರ್ತಾ ಹೋಗ್ಬೇಕು, ಮಧ್ಯ ಎಲ್ಲೂ ಹೊಟ್ಟೆ ಬಿಡಬಾರ್ದು. ಇಂಥದ್ದನ್ನ ಬರೀರಿ, ಜನ ಇದನ್ನ ಓದಿ ಎದ್ದು ಹೋಗಿ ತಮ್ಮ ದೋಣೀಲಿ ನೋಡ್ತಾರೆ.

ಈಗ ಅಳತೆ ವಿಷಯ. ನಿಮ್ಮ ಲೇಖನ ಪಂಪಿಂದ ಶುರುವಾಗಿ ಪೈಪಿಗೆ ಬರುತ್ತೆ, ನನ್ನ ಪ್ರಕಾರ ಅದನ್ನ ತಿರುಗಿಸ್ಬೇಕು. ಮೊದ್ಲು ಔಟ್‌ಲೆಟ್ ಎಲ್ಲಿ, ಲೂಪ್ ಎಷ್ಟು ಎತ್ತರ, ಪೈಪ್ ಎಷ್ಟು ಉದ್ದ, ಎಷ್ಟು ಬೆಂಡ್, ಇದು ನಿರ್ಧಾರ ಆದ್ಮೇಲೆ ಪಂಪ್. ಡಬ್ಬದ ಮೇಲಿನ 2000 ಜಿಪಿಎಚ್ ಅಂದ್ರೆ ನಿಮಿಷಕ್ಕೆ ಸುಮಾರು 126 ಲೀಟರ್, ಅದು ಪೈಪೇ ಇಲ್ದೆ, ಎತ್ತೋ ಕೆಲಸ ಇಲ್ದೆ, ಬ್ಯಾಟರಿ ಚಾರ್ಜ್ ಆಗ್ತಿರೋ ವೋಲ್ಟೇಜಲ್ಲಿ ಅಳೆದ ಲೆಕ್ಕ. ಎರಡು ಮೀಟರ್ ಎತ್ತಿ, ನಾಲ್ಕು ಮೀಟರ್ ಪೈಪ್ ದಾಟಿ, ಮೂರು ಎಲ್ಬೋ ಸುತ್ತಿ ಹೊರಗೆ ಬೀಳೋವಾಗ ಅರ್ಧಕ್ಕೆ ಇಳಿದ್ರೂ ಆಶ್ಚರ್ಯ ಇಲ್ಲ. ಎತ್ತರ ಅಂದ್ರೆ ಔಟ್‌ಲೆಟ್ ತನಕ ಅಲ್ಲ, ಲೂಪಿನ ತಲೆ ತನಕ, ಇದನ್ನ ನೀವು ತಪ್ಪು ಲೆಕ್ಕ ಹಾಕಿದೀರಿ, ಚಿತ್ರದಲ್ಲಿ ಸರಿ ಮಾಡಿ. ಓದೋರಿಗೆ ಹೋಲಿಕೆಗೆ ಇನ್ನೊಂದು ಅಂಕಿ ಕೊಡಿ: ನೀರಿನ ಮಟ್ಟಕ್ಕಿಂತ 60 ಸೆಂಟಿಮೀಟರ್ ಕೆಳಗೆ 38 ಮಿಲಿಮೀಟರಿನ ತೂತಾದ್ರೆ ನಿಮಿಷಕ್ಕೆ 140 ಲೀಟರ್ ಆಸುಪಾಸು ಒಳಗೆ ಬರುತ್ತೆ, ತೂತಿನ ಅಂಚು ನುಣುಪಾಗಿದ್ರೆ ಇನ್ನೂ ಜಾಸ್ತಿ. ಅಂದ್ರೆ ಆ 2000ದ ಪಂಪ್ ಹೊಸದಾಗಿ ಇದ್ದಾಗಲೂ ಗೆಲ್ಲಲ್ಲ, ತೂತು ಮುಚ್ಚೋಕೆ ಒಂದಿಷ್ಟು ಸಮಯ ಸಿಗುತ್ತೆ ಅಷ್ಟೇ.

ಪೈಪ್ ದಪ್ಪ ಇದ್ದಷ್ಟೂ ಒಳ್ಳೇದು ಅಂತ ಒಂದು ಸಾಲಲ್ಲಿ ಮುಗಿಸಿದೀರಿ. ಅರ್ಧ ಸತ್ಯ. 38 ಮಿಲಿಮೀಟರ್ ಪೈಪ್ ನಾಲ್ಕು ಮೀಟರ್ ಉದ್ದ ಇದ್ರೆ ಅದರೊಳಗೆ ನಾಲ್ಕೂವರೆ ಲೀಟರ್ ನೀರು ಹಿಡಿಯುತ್ತೆ, ಪಂಪ್ ನಿಂತಾಗ ಅದರಲ್ಲಿ ಹೆಚ್ಚಿನ ಪಾಲು ಬಿಲ್ಜಿಗೆ ವಾಪಸ್. ಆಳವಾದ ಕಿರಿದಾದ ಬಿಲ್ಜಲ್ಲಿ ಅಷ್ಟು ಸಾಕು ನೀರೇರಿದ್ರೆ ಪಂಪ್ ಆನ್ ಮಾಡೋ ಫ್ಲೋಟ್ ಸ್ವಿಚ್ ಮತ್ತೆ ಏಳೋಕೆ, ಮತ್ತೆ ಪಂಪ್ ಆನ್, ಮತ್ತೆ ವಾಪಸ್, ಬೆಳಗಾಗೋಷ್ಟರಲ್ಲಿ ಬ್ಯಾಟರಿ ಸತ್ತಿರುತ್ತೆ. ಅದೇ ಉದ್ದದ 19 ಮಿಲಿಮೀಟರ್ ಪೈಪಲ್ಲಿ ಒಂದು ಲೀಟರ್ ಚಿಲ್ಲರೆ ಅಷ್ಟೇ. ಅದಕ್ಕೇ ಎರಡು ಪಂಪ್ ಇಡೋದು. ಅತೀ ತಗ್ಗಲ್ಲಿ ಚಿಕ್ಕದು, ಸಣ್ಣ ಪೈಪ್, ದಿನನಿತ್ಯದ ತೊಟ್ಟಿಕ್ಕೋ ನೀರಿಗೆ. ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ದೊಡ್ಡದು, ದಪ್ಪ ಪೈಪ್, ಚೆಕ್ ವಾಲ್ವ್ ಇಲ್ಲ, ಅದು ಓಡಿದ್ರೆ ಏನೋ ಎಡವಟ್ಟಾಗಿದೆ ಅಂತಾನೇ ಅರ್ಥ, ಅದರ ಪೈಪಿನ ನೀರು ವಾಪಸ್ ಬಿದ್ರೂ ಸ್ವಿಚ್ ಮೇಲಿರೋದ್ರಿಂದ ಪರವಾಗಿಲ್ಲ. ಎರಡನ್ನೂ ಒಂದು ಟೀ ಜಾಯಿಂಟ್ ಹಾಕಿ ಒಂದೇ ಔಟ್‌ಲೆಟ್ಟಿಗೆ ಸೇರಿಸೋ ನಿಮ್ಮ ಸಲಹೆ ತೆಗೆದುಹಾಕಿ, ಒಂದು ಪಂಪ್ ಎತ್ತಿದ ನೀರು ಇನ್ನೊಂದರ ಮೂಲಕ ಮತ್ತೆ ಕೆಳಗಿಳಿಯುತ್ತೆ, ತಡೀಬೇಕಂದ್ರೆ ಮತ್ತದೇ ಚೆಕ್ ವಾಲ್ವ್. ದೋಣೀಲಿ ಇನ್ನೊಂದು ತೂತು ಕೊರೆಯೋಕೆ ಜೀವ ಬರಲ್ಲ ಅನ್ನೋದು ಅರ್ಥ ಆಗುತ್ತೆ, ಆದ್ರೂ ಬೇರೆ ಔಟ್‌ಲೆಟ್ಟೇ ಸರಿ.

ಇದೆಲ್ಲಾ ಆಳದ ಬಿಲ್ಜ್ ಇರೋ ದೋಣಿಗೆ. ಚಪ್ಪಟೆ ತಳದ ದೋಣೀಲಿ ವಾಲಿದಾಗ ನೀರೆಲ್ಲಾ ಬದಿಗೆ ಹೋಗಿ ಮಲಗೋ ಬಂಕ್ ಕೆಳಗೆ ಸೇರ್ಕೊಳ್ಳುತ್ತೆ, ನಡುವೆ ಪಂಪ್ ಒಣಗಿ ಕೂತಿರುತ್ತೆ. ನೀವು ಯಾವ ದೋಣಿ ಬಗ್ಗೆ ಬರೀತಿದೀರಿ ಅನ್ನೋದು ಒಂಬತ್ತು ಪುಟದಲ್ಲಿ ಎಲ್ಲೂ ಇಲ್ಲ! ಒಂದು ದೋಣಿ ಹಿಡ್ಕೊಳ್ಳಿ, ನಿಮ್ಮದೇ ಆಗಲಿ, ಅದರ ಅಳತೆ ಕೊಡಿ, ಅದಕ್ಕೆ ನೀವೇನು ಆರಿಸಿದ್ರಿ ಯಾಕೆ ಆರಿಸಿದ್ರಿ ಹೇಳಿ. ಎಲ್ಲಾ ದೋಣಿಗೂ ಅನ್ವಯಿಸೋ ಹಾಗೆ ಬರೆಯೋಕೆ ಹೋಗಿಯೇ ಈ "ಸೂಕ್ತ" ನುಗ್ಗಿರೋದು.

ಏಳನೇ ಪುಟ ಅಂದ್ನಲ್ಲ, ಅಲ್ಲಿ ಸುರುಳಿ ಏಣಿನ ಪೈಪನ್ನ ಬೇಕಾದಲ್ಲಿ ಕತ್ತರಿಸಿ ಕ್ಲಿಪ್ ಬಿಗಿದು, ಏಣುಗಳ ಸಂದೀಲಿ ನೀರು ಸೋರೋದನ್ನ ಟಾರ್ಚ್ ಹಿಡ್ಕೊಂಡು ನೋಡಿದ್ದು, ಆಮೇಲೆ ಎರಡನೇ ಕ್ಲಿಪ್ಪಿನ ಸ್ಕ್ರೂ ಗೋಡೆ ಕಡೆ ತಿರುಗಿ ಸ್ಕ್ರೂಡ್ರೈವರ್ ಹೋಗ್ದೆ ಮೊಣಕೈ ತರಚಿಕೊಂಡಿದ್ದು ಬರ್ದಿದೀರಲ್ಲ, ಲೇಖನ ಅಲ್ಲಿಂದ ಶುರುವಾಗ್ಬೇಕು. ಆ ಪೈಪಿಗೆ ಅಲ್ಲಲ್ಲಿ ನುಣುಪಾದ ಪಟ್ಟಿ ಇರುತ್ತೆ, ಅಲ್ಲೇ ಕತ್ತರಿಸ್ಬೇಕು ಅನ್ನೋದನ್ನ ಸೇರಿಸಿ, ಒಳಮೈ ಏಣಿನ ಪೈಪ್ ನೀರಿನ ಓಟಾನೂ ತಿನ್ನುತ್ತೆ ಅಂತಾನೂ ಹೇಳಿ, ಒಳಗೆ ನುಣುಪಾಗಿರೋ ದಪ್ಪ ಪೈಪಿಗೆ ಯಾಕೆ ಬದಲಾಯಿಸಿದ್ರಿ ಅನ್ನೋದು ತಾನಾಗೇ ಬರುತ್ತೆ. ದೋಣಿ ಮೈ ತೂರಿ ನೀರು ಹೊರಗೆ ಬಿಡೋ ಥ್ರೂ-ಹಲ್ ಫಿಟ್ಟಿಂಗಿನ ಒಳ ಅಳತೆ ಪೈಪಿಗಿಂತ ಕಡಿಮೆ ಇದ್ರೆ ದಪ್ಪ ಪೈಪ್ ಹಾಕಿದ್ದು ದಂಡ, ಇದನ್ನ ಒಂದು ಸಾಲಲ್ಲಿ ಹೇಳಿ ಸಾಕು. ಅಲ್ಲೆಲ್ಲ ನಿಮ್ಮ ಭಾಷೆನೂ ಚೆನ್ನಾಗಿದೆ ನೋಡಿ, "ಅಳವಡಿಸಲ್ಪಡಬೇಕು" ಅನ್ನೋದೆಲ್ಲ ಮಾಯ ಆಗಿ ಮಾತಾಡೋ ಥರ ಬರ್ದಿದೀರಿ.

ಕೈಪಂಪ್ ನೀವು ಮರ್ತೇಬಿಟ್ಟಿದೀರಿ. ಕರೆಂಟ್ ಹೋದ್ಮೇಲೆ ಉಳಿಯೋದು ಅದೇ. ಹಾಯಿದೋಣಿ ಸ್ಪರ್ಧೆಗಳ ವಿಶ್ವ ಸಂಸ್ಥೆ ವರ್ಲ್ಡ್ ಸೇಲಿಂಗ್‌ನ ಆಫ್‌ಶೋರ್, ಅಂದ್ರೆ ದೂರದ ಕಡಲಿನ ರೇಸಿನ, ನಿಯಮದಲ್ಲಿ ಕೈಪಂಪನ್ನ ಹ್ಯಾಚ್‌ಗಳೆಲ್ಲಾ ಮುಚ್ಚಿರೋವಾಗ್ಲೂ ಹೊಡೆಯೋ ಹಾಗಿರ್ಬೇಕು, ಹಿಡಿ ಬಿಚ್ಚಿ ಬರೋದಾದ್ರೆ ಕಳೆದುಹೋಗದ ಹಾಗೆ ಹಗ್ಗನೋ ಕೊಂಡಿನೋ ಇರ್ಬೇಕು, ಬಿಲ್ಜ್ ಪಂಪಿನ ಪೈಪನ್ನ ದೋಣಿ ನಡೆಸೋರು ಕೂರೋ ಕಾಕ್‌ಪಿಟ್ ಡ್ರೇನಿಗೆ ಸೇರಿಸಬಾರ್ದು ಅಂತ ಇದೆ, ಜೊತೆಗೆ 9 ಲೀಟರಿನ ಗಟ್ಟಿ ಬಕೆಟ್ ಎರಡು. ರೇಸಿಗೆ ಹೋಗದೇ ಇರೋರಿಗೂ ಇದು ಒಳ್ಳೇ ಪಟ್ಟಿ. ಡಯಾಫ್ರಮ್ (ರಬ್ಬರ್ ಪೊರೆ ಆಡಿಸಿ ನೀರೆಳೆಯೋ) ಕೈಪಂಪನ್ನ ಬಿಲ್ಜಿಂದ ದೂರ, ಒಣ ಜಾಗದಲ್ಲಿ ಇಡಬಹುದು, ತಾನೇ ನೀರೆಳ್ಕೊಳ್ಳುತ್ತೆ, ಆದ್ರೆ ಅದರ ವಾಲ್ವಲ್ಲೂ ಕಸ ಸಿಕ್ಕುತ್ತೆ, ಎಳೆಯೋ ಪೈಪಿನ ತುದೀಗೆ ಜಾಲರಿ ಬೇಕು, ಆ ಜಾಲರಿಗೆ ಕೈ ಎಟುಕಬೇಕು.

ತಿದ್ದಿ ಕಳಿಸೋವಾಗ ಸಾವಿರದೈನೂರು ಪದ ಮೀರಬೇಡಿ. ವೈರಿಂಗ್ ಇದರಲ್ಲಿ ತುರುಕಬೇಡಿ, ಅದು ಬೇರೆ ಲೇಖನ, ಬೇಕಿದ್ರೆ ಆಮೇಲೆ ನೀವೇ ಬರೀರಿ. ಚಿತ್ರ ಕೈಯಲ್ಲೇ ಬರ್ದು ಫೋಟೋ ತೆಗೆದು ಕಳಿಸಿದ್ರೂ ಆಯ್ತು, ದೋಣಿ ನೆಟ್ಟಗಿರೋದು ಒಂದು, ವಾಲಿರೋದು ಒಂದು, ಎರಡ್ರಲ್ಲೂ ನೀರಿನ ಮಟ್ಟ, ಔಟ್‌ಲೆಟ್, ಲೂಪಿನ ತಲೆ ಮೂರೂ ಗುರುತು ಮಾಡಿ. ಚೆಕ್ ವಾಲ್ವಿನ ಆ ಪ್ಯಾರಾ ಹಾಗೇ ಇದ್ರೆ ಮುಂದಕ್ಕೆ ಓದಲ್ಲ, ಅದನ್ನ ಮೊದ್ಲು ಸರಿ ಮಾಡಿ.