ರಕ್ತದಲ್ಲಿ ಸಕ್ಕರೆ ತುಂಬಿದೆ, ಹೃದಯಕ್ಕೆ ಸಿಗುತ್ತಿಲ್ಲ

ಹೃದಯದ ಶಕ್ತಿ, ಸುಸ್ತು, ಗ್ಲೂಕೋಸ್ ಬಾಟಲ್: ಈ ಮೂರು ಸೇರಿದ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಊರು ಬೇರೆ, ವಯಸ್ಸು ಬೇರೆ, ಪ್ರಶ್ನೆ ಮಾತ್ರ ಅದೇ. ಈ ಸಲ ಜಾಗವನ್ನೆಲ್ಲ ಬಹುಪಾಲು ಅದಕ್ಕೇ ಕೊಡುತ್ತೇನೆ. ಇಸಿಜಿ ಅಂದರೇನು, ಎಕೋ ಅಂದರೇನು ಅಂತ ಮತ್ತೆ ವಿವರಿಸುವುದಿಲ್ಲ.

ಪ್ರಶ್ನೆ: ನನಗೆ 61 ವರ್ಷ. ಹದಿನೈದು ವರ್ಷದಿಂದ ಶುಗರ್ ಇದೆ. ಈಗ ಹೃದಯದ ಪಂಪಿಂಗ್ ಶೇ 35 ಅಂತ ಎಕೋದಲ್ಲಿ ಬಂದಿದೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಹೃದಯಕ್ಕೆ ಶಕ್ತಿಯೂ ಜಾಸ್ತಿ ಸಿಗಬೇಕಲ್ವಾ? ನಮ್ಮ ಹತ್ತಿರದ ಊರಿನಲ್ಲಿ ಒಬ್ಬರು ಹೃದಯಕ್ಕೆ ಬಲ ಬರಲಿ ಅಂತ ತಿಂಗಳಿಗೊಮ್ಮೆ ಗ್ಲೂಕೋಸ್ ಬಾಟಲ್ ಹಾಕುತ್ತಾರೆ. ಹಾಕಿಸಿಕೊಳ್ಳಲಾ?

ಉತ್ತರ: ಹಾಕಿಸಿಕೊಳ್ಳಬೇಡಿ. ಈಗಾಗಲೇ ಹಾಕಿಸಿಕೊಂಡಿದ್ದರೆ ಇವತ್ತೇ ನಿಲ್ಲಿಸಿ. ಕಾರಣ ಮುಂದೆ ಹೇಳುತ್ತೇನೆ.

ಹೃದಯ ಒಂದು ಕ್ಷಣವೂ ಬಿಡುವಿಲ್ಲದ ಸ್ನಾಯು. ತೂಕ ಸುಮಾರು 300 ಗ್ರಾಂ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಜೀವಕೋಶಗಳಲ್ಲಿ ಕೆಲಸಕ್ಕೆ ಖರ್ಚಾಗುವ ಶಕ್ತಿಯ ಅಣು ಎಟಿಪಿ. ಹೃದಯದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಎಟಿಪಿ ಕೆಲವು ಸೆಕೆಂಡಿಗಷ್ಟೇ ಸಾಕು. ಹಾಗಾಗಿ ಅದು ದಿನವಿಡೀ ತಯಾರಾಗುತ್ತಲೇ ಇರಬೇಕು. ದಿನದ ಲೆಕ್ಕ ಹಾಕಿದರೆ ಸುಮಾರು ಆರು ಕಿಲೋ ಎಟಿಪಿ ಹುಟ್ಟಿ ಕರಗುತ್ತದೆ.

ಇದನ್ನೆಲ್ಲ ಸಕ್ಕರೆಯಿಂದಲೇ ಮಾಡುತ್ತದೆ ಅಂತ ಹೆಚ್ಚಿನವರು ನಂಬಿದ್ದಾರೆ. ಅದು ತಪ್ಪು. ಬೆಳೆದವರ ಹೃದಯ ಹೊಟ್ಟೆ ಖಾಲಿ ಇದ್ದಾಗ ಬಹುಪಾಲು ಕೊಬ್ಬಿನಾಮ್ಲಗಳನ್ನೇ ಉರಿಸುತ್ತದೆ. ಉಳಿದದ್ದಕ್ಕೆ ಗ್ಲೂಕೋಸ್, ಸಕ್ಕರೆ ಅರ್ಧ ಒಡೆದು ಬರುವ ಲ್ಯಾಕ್ಟೇಟ್, ಕೊಬ್ಬು ಒಡೆದು ಬರುವ ಕೀಟೋನ್. ತಾಯಿಯ ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಕಥೆ ಬೇರೆ, ಅದು ಗ್ಲೂಕೋಸ್ ಮತ್ತು ಲ್ಯಾಕ್ಟೇಟ್ ಮೇಲೆ ನಡೆಯುತ್ತದೆ. ಹುಟ್ಟಿದ ಮೇಲೆ ಉಸಿರಾಟ ಶುರುವಾಗಿ, ತಾಯಿಯ ಹಾಲಿನ ಕೊಬ್ಬು ಸಿಕ್ಕಂತೆ ಕೊಬ್ಬಿನ ಕಡೆ ತಿರುಗುತ್ತದೆ.

ಈಗ ನಿಮ್ಮ ಪ್ರಶ್ನೆಯ ಗಂಟಿಗೆ ಬರೋಣ. ಸಕ್ಕರೆ ರಕ್ತದಲ್ಲಿದೆ ಅಂದ ಮಾತ್ರಕ್ಕೆ ಸ್ನಾಯುವಿನೊಳಗೆ ಹೋಗುವುದಿಲ್ಲ. ಹೃದಯದ ಜೀವಕೋಶದ ಹೊದಿಕೆ ಕೊಬ್ಬಿನದು, ಗ್ಲೂಕೋಸ್ ನೀರಿನಲ್ಲಿ ಕರಗುವ ವಸ್ತು. ಎಣ್ಣೆ ನೀರು ಬೆರೆಯದ ಹಾಗೆ ಇವೆರಡೂ ಸೇರುವುದಿಲ್ಲ. ದಾಟಿಸುವುದಕ್ಕೆ ಹೊದಿಕೆಯಲ್ಲಿ ಪ್ರೋಟೀನುಗಳು ಬೇಕು. ಹೃದಯದಲ್ಲಿ ಮುಖ್ಯವಾಗಿ ಎರಡು: ಗ್ಲೂಟ್-1 ಮತ್ತು ಗ್ಲೂಟ್-4. ಗ್ಲೂಟ್-1 ಹೆಚ್ಚಾಗಿ ಹೊದಿಕೆಯಲ್ಲೇ ಇದ್ದು ಸ್ವಲ್ಪ ಸ್ವಲ್ಪ ಸಕ್ಕರೆ ಒಳಗೆ ಬಿಡುತ್ತದೆ. ದೊಡ್ಡ ಕೆಲಸ ಗ್ಲೂಟ್-4ರದ್ದು. ಆದರೆ ಅದರ ಬಹುಭಾಗ ಜೀವಕೋಶದ ಒಳಗೆ, ಚಿಕ್ಕ ಚಿಕ್ಕ ಗುಳ್ಳೆಗಳಲ್ಲಿ ಸುಮ್ನೆ ಕೂತಿರುತ್ತದೆ.

ಊಟ ಆದ ಮೇಲೆ ಇನ್ಸುಲಿನ್ ಬಂದು ಹೊದಿಕೆಯ ಹೊರಗಿನ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಸಂದೇಶ ಒಂದು ಕಿಣ್ವದಿಂದ ಇನ್ನೊಂದಕ್ಕೆ ದಾಟುತ್ತಾ ಎಕೆಟಿ ಎಂಬ ಕಿಣ್ವಕ್ಕೆ ಮುಟ್ಟುತ್ತದೆ. ಗುಳ್ಳೆಗಳನ್ನು ಹಿಡಿದಿಟ್ಟಿದ್ದ ತಡೆಯನ್ನು ಎಕೆಟಿ ಸಡಿಲಿಸುತ್ತದೆ. ಗುಳ್ಳೆಗಳು ಹೊದಿಕೆಯ ಕಡೆ ಸರಿದು, ಅದರ ಜೊತೆ ಕೂಡಿಕೊಂಡು, ಗ್ಲೂಟ್-4 ಮೇಲ್ಮೈಗೆ ಬರುತ್ತದೆ. ಆಗ ಸಕ್ಕರೆ ಒಳಗೆ ನುಗ್ಗುತ್ತದೆ. ಒಳಗೆ ಬಂದ ಕೂಡಲೇ ಹೆಕ್ಸೊಕೈನೇಸ್ ಎಂಬ ಕಿಣ್ವ ಅದಕ್ಕೊಂದು ಫಾಸ್ಫೇಟ್ ಅಂಟಿಸುತ್ತದೆ. ಇನ್ನು ಅದು ಬಂದ ದಾರಿಯಲ್ಲಿ ಹೊರಗೆ ಹೋಗಲಾರದು. ಇನ್ಸುಲಿನ್ ಕಡಿಮೆಯಾದ ಮೇಲೆ ಗ್ಲೂಟ್-4 ಮತ್ತೆ ಒಳಗೆ ಮರಳುತ್ತದೆ.

ಇನ್ಸುಲಿನ್ ಇಲ್ಲದೆಯೂ ಒಂದು ದಾರಿ ಇದೆ. ಹೃದಯ ಜೋರಾಗಿ ದುಡಿದಾಗ ಅಥವಾ ಆಮ್ಲಜನಕ ಕಡಿಮೆಯಾದಾಗ ಎಎಂಪಿಕೆ ಎಂಬ ಇನ್ನೊಂದು ಕಿಣ್ವ ಎಚ್ಚರಗೊಂಡು ಇದೇ ಗ್ಲೂಟ್-4ಅನ್ನು ಮೇಲಕ್ಕೆ ತರುತ್ತದೆ. ವೈದ್ಯರು ಒಪ್ಪಿದ ಮಟ್ಟದಲ್ಲಿ ದಿನಾ ನಡೆಯಿರಿ ಅಂತ ನಾವು ಬಡಬಡಿಸುವುದಕ್ಕೆ ಇದೂ ಒಂದು ಕಾರಣ. ಕೈಕಾಲಿನ ಸ್ನಾಯುಗಳಲ್ಲೂ ದುಡಿಮೆಯೇ ಗ್ಲೂಟ್-4ಅನ್ನು ಮೇಲೆತ್ತುತ್ತದೆ.

ನಿಮ್ಮಂತೆ ವರ್ಷಗಟ್ಟಲೆ ಶುಗರ್ ಇರುವವರಲ್ಲಿ ಇನ್ಸುಲಿನ್ ಮಾತು ಹೃದಯಕ್ಕೆ ಸರಿಯಾಗಿ ಕೇಳಿಸುವುದಿಲ್ಲ. ಗ್ಲೂಟ್-4ರ ಪ್ರಮಾಣವೂ ಇಳಿದಿರುತ್ತದೆ. ಅದರ ಜೊತೆ ರಕ್ತದಲ್ಲಿ ಕೊಬ್ಬಿನಾಮ್ಲ ಜಾಸ್ತಿ. ಕೊಬ್ಬು ಹೆಚ್ಚು ಉರಿದಷ್ಟೂ ಸಕ್ಕರೆಯ ಬಳಕೆಗೆ ತಡೆ ಬೀಳುತ್ತದೆ ಅಂತ ಬ್ರಿಟನ್ನಿನ ವಿಜ್ಞಾನಿ ಫಿಲಿಪ್ ರಾಂಡಲ್ ಮತ್ತು ಸಂಗಡಿಗರು 1963ರಲ್ಲೇ ತೋರಿಸಿದರು. ರಕ್ತದಲ್ಲಿ ಶುಗರ್ 300 ಇದ್ದರೆ ಒತ್ತಡಕ್ಕೇ ಅಷ್ಟಿಷ್ಟು ಸಕ್ಕರೆ ಒಳಗೆ ಹೋಗುತ್ತದೆ, ನಿಜ. ಆದರೆ ಅದು ಸರಿಯಾಗಿ ಉರಿಯುವುದಿಲ್ಲ. ಕೊಬ್ಬು ಉರಿಸಲು ಅದೇ ಶಕ್ತಿಗೆ ಆಮ್ಲಜನಕವೂ ಜಾಸ್ತಿ ಬೇಕು. ಮೊದಲೇ ಸೋತಿರುವ ಹೃದಯಕ್ಕೆ ಇದು ದುಬಾರಿ ಖರ್ಚು.

ಈಗ ಬಾಟಲ್ ಲೆಕ್ಕ ನೋಡಿ. ಶೇ 5ರ ಡೆಕ್ಸ್‌ಟ್ರೋಸ್ ಅರ್ಧ ಲೀಟರ್ ಬಾಟಲಿನಲ್ಲಿ 25 ಗ್ರಾಂ ಗ್ಲೂಕೋಸ್ ಇರುತ್ತದೆ, ಅಂದರೆ ಸುಮಾರು ಐದು ಚಮಚ. ನೂರು ಕ್ಯಾಲೊರಿಯೂ ಸರಿಯಾಗಿ ಇಲ್ಲ. ಶುಗರ್ ಸರಿ ಇರುವವರ ಇಡೀ ರಕ್ತದಲ್ಲಿ ಕರಗಿರುವ ಗ್ಲೂಕೋಸ್ ಬರೀ ಐದು ಗ್ರಾಂ. ನಿಮ್ಮ ರಕ್ತದಲ್ಲಿ ಈಗಾಗಲೇ ಅದಕ್ಕಿಂತ ಜಾಸ್ತಿ ಇದೆ. ಒಳಗೆ ಹೋಗಲಾರದೆ ನಿಂತಿರುವ ಸಕ್ಕರೆಯ ಮೇಲೆ ಇನ್ನಷ್ಟು ಸುರಿದರೆ ಯಾರಿಗೆ ಲಾಭ? ಅದಕ್ಕಿಂತ ಭಯ ಜೊತೆಗೆ ಹೋಗುವ ಅರ್ಧ ಲೀಟರ್ ನೀರಿನದು. ಶೇ 35 ಪಂಪಿಂಗ್ ಇರುವ ಹೃದಯ ಅದನ್ನು ನಿಭಾಯಿಸಲಾಗದೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಇಂಥವರು ನಡುರಾತ್ರಿ ನಮ್ಮಲ್ಲಿಗೆ ಬರುತ್ತಾರೆ. ಮಲಗಲಾಗದೆ ಎದ್ದು ಕೂತಿರುತ್ತಾರೆ, ಬಾಯಲ್ಲಿ ನೊರೆ, ಕೈಯಲ್ಲಿ ಇನ್ನೂ ಡ್ರಿಪ್ ಹಾಕಿದ ಪ್ಲಾಸ್ಟರ್. ಬಲ ಬರಲಿ ಅಂತ ದುಡ್ಡು ಕೊಟ್ಟು ತಂದುಕೊಂಡ ಆಪತ್ತು ಅದು. ಎಕೋ ನೋಡದೆ, ಶುಗರ್ ಅಳೆಯದೆ ಬಾಟಲ್ ನೇತುಹಾಕುವವರನ್ನು ನಾನು ವೈದ್ಯರೆಂದು ಕರೆಯುವುದಿಲ್ಲ. ಮರುದಿನ ಹುರುಪು ಬಂತು ಅನ್ನುತ್ತಾರೆ ಕೆಲವರು. ಬಾಯಾರಿದ ದೇಹಕ್ಕೆ ನೀರು ಸಿಕ್ಕರೆ ಹಾಗನಿಸುತ್ತದೆ. ಅದಕ್ಕೂ ಹೃದಯದ ಬಲಕ್ಕೂ ಸಂಬಂಧ ಇಲ್ಲ.

‘ದೊಡ್ಡ ಆಸ್ಪತ್ರೆಯಲ್ಲೂ ಹಾರ್ಟ್ ಅಟ್ಯಾಕ್‌ಗೆ ಗ್ಲೂಕೋಸ್ ಕೊಡುತ್ತಿದ್ದರಂತೆ’ ಅಂತ ವಾದಿಸುವವರೂ ಇದ್ದಾರೆ. ಹೌದು, ಕೊಡುತ್ತಿದ್ದರು. 1962ರಲ್ಲಿ ಮೆಕ್ಸಿಕೋದ ಹೃದಯ ವೈದ್ಯ ಸೋಡಿ-ಪಲ್ಲಾರೆಸ್ ಗ್ಲೂಕೋಸ್, ಇನ್ಸುಲಿನ್, ಪೊಟ್ಯಾಸಿಯಂ ಮೂರನ್ನೂ ಸೇರಿಸಿ ಕೊಡುವ ಪದ್ಧತಿ ತಂದರು. ಯೋಚನೆ ಚೆನ್ನಾಗಿತ್ತು. ಆಮೇಲೆ ಭಾರತವೂ ಸೇರಿದಂತೆ ಹಲವು ದೇಶಗಳ 20,201 ರೋಗಿಗಳ ಮೇಲೆ ದೊಡ್ಡ ಪರೀಕ್ಷೆ ನಡೆದು 2005ರಲ್ಲಿ ಫಲಿತಾಂಶ ಬಂತು. ತಿಂಗಳೊಳಗಿನ ಸಾವು ಇದನ್ನು ಪಡೆದವರಲ್ಲಿ ಶೇ 10, ಪಡೆಯದವರಲ್ಲಿ ಶೇ 9.7. ಲಾಭ ಇಲ್ಲ ಅಂತ ಅಲ್ಲಿಗೆ ತೀರ್ಮಾನವಾಯಿತು. ರಕ್ತನಾಳ ಮುಚ್ಚಿದಾಗ ಕೊರತೆ ಆಮ್ಲಜನಕದ್ದು. ಆಮ್ಲಜನಕ ಇದ್ದರೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ಸಿಗುತ್ತದೆ, ಇಲ್ಲದಿದ್ದರೆ ಬರೀ 2. ಜೊತೆಗೆ ಆಮ್ಲ ತುಂಬಿಕೊಂಡು ಸ್ನಾಯು ಕೆಡುತ್ತದೆ.

ನೀವು ಮಾಡಬೇಕಾದ್ದು ಇಷ್ಟು: ಹೃದಯ ವೈದ್ಯರ ಮಾತ್ರೆ ಒಂದೂ ತಪ್ಪಿಸಬೇಡಿ, ದಿನಾ ಬೆಳಿಗ್ಗೆ ತೂಕ ನೋಡಿ, ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಕಾಯದೆ ಫೋನ್ ಮಾಡಿ. ಶುಗರ್ ಇಳಿಸುವ ಭರದಲ್ಲಿ ಅತಿ ಮಾಡುವುದೂ ಬೇಡ. ಅಕಾರ್ಡ್ ಎಂಬ ಪರೀಕ್ಷೆಯಲ್ಲಿ ತೀರಾ ಬಿಗಿಯಾಗಿ ಇಳಿಸಿದ ಗುಂಪಿನಲ್ಲೇ ಸಾವು ಜಾಸ್ತಿ ಕಂಡು, 2008ರಲ್ಲಿ ಆ ಭಾಗವನ್ನು ನಿಲ್ಲಿಸಬೇಕಾಯಿತು. ಬೆವರಿ, ನಡುಗಿ, ಶುಗರ್ 70ಕ್ಕಿಂತ ಇಳಿದರೆ ಮಾತ್ರ ಮೂರು ಚಮಚ ಸಕ್ಕರೆ ತಕ್ಷಣ ತಿನ್ನಿ.

ಪ್ರಶ್ನೆ: ಸಕ್ಕರೆ ಬದಲು ಬೆಲ್ಲ ಅಥವಾ ಜೇನುತುಪ್ಪ ತಿಂದರೆ ಹೃದಯಕ್ಕೆ ಒಳ್ಳೆಯದಲ್ವಾ?

ಉತ್ತರ: ಅಲ್ಲ.

ಪ್ರಶ್ನೆ: ಎದೆ ನೋವು ಬಂದಾಗ ಸಕ್ಕರೆ ನೀರು ಕುಡಿಸಬಹುದಾ?

ಉತ್ತರ: ಸಕ್ಕರೆ ಕಲಸುವ ಹೊತ್ತಿನಲ್ಲಿ ಗಾಡಿ ಹತ್ತಿಸಿ. ಇಸಿಜಿ ಆಗುವ ಹತ್ತಿರದ ಆಸ್ಪತ್ರೆಗೆ ಹೋಗಿ. ಶುಗರ್ ಇರುವವರಿಗೆ ನೋವೇ ಇಲ್ಲದೆ ಬರೀ ಏದುಸಿರು, ಬೆವರು ಬರಬಹುದು, ಅದನ್ನು ಗ್ಯಾಸ್ ಅಂದುಕೊಳ್ಳಬೇಡಿ.

ಪ್ರಶ್ನೆ: ಅಪ್ಪನಿಗೆ ಹೃದಯದ ಪೆಟ್ ಸ್ಕ್ಯಾನ್‌ಗೆ ಮೊದಲು ಗ್ಲೂಕೋಸ್ ಕುಡಿಸಿದರು. ಪಕ್ಕದ ರೋಗಿಗೆ ಅನ್ನ, ಸಕ್ಕರೆ ಮುಟ್ಟಲೇಬೇಡಿ ಅಂದರು. ಯಾರದು ಸರಿ?

ಉತ್ತರ: ಇಬ್ಬರದೂ ಸರಿ. ಈ ಸ್ಕ್ಯಾನ್‌ನಲ್ಲಿ ಕೊಡುವುದು ವಿಕಿರಣ ಸೂಸುವ ಗ್ಲೂಕೋಸ್‌ನಂಥ ವಸ್ತು. ಹೆಕ್ಸೊಕೈನೇಸ್ ಅದಕ್ಕೂ ಫಾಸ್ಫೇಟ್ ಅಂಟಿಸುತ್ತದೆ, ಆದರೆ ಮುಂದೆ ಉರಿಯಲಾರದೆ ಅಲ್ಲೇ ಸಿಕ್ಕಿಕೊಂಡು ಹೊಳೆಯುತ್ತದೆ. ಅಟ್ಯಾಕ್ ಆದ ಜಾಗದಲ್ಲಿ ಸ್ನಾಯು ಇನ್ನೂ ಬದುಕಿದೆಯಾ ಅಂತ ನೋಡಲು ಗ್ಲೂಕೋಸ್ ಕುಡಿಸಿ ಇನ್ಸುಲಿನ್ ಏರಿಸುತ್ತಾರೆ. ರಕ್ತದ ಹರಿವು ಕಡಿಮೆ, ಆದರೂ ಹೊಳಪು ಇದೆ ಅಂದರೆ ಆ ಭಾಗ ಜೀವಂತ. ಪಕ್ಕದವರಿಗೆ ಸಾರ್ಕಾಯ್ಡೋಸಿಸ್‌ನಂಥ ಉರಿಯೂತದ ಅನುಮಾನ ಇರಬೇಕು. ಅಲ್ಲಿ ಒಳ್ಳೆಯ ಸ್ನಾಯು ಕೊಬ್ಬು ಉರಿಸಿಕೊಂಡು ಕಪ್ಪಗೆ ಇರಬೇಕು, ಉರಿಯೂತ ಮಾತ್ರ ಹೊಳೆಯಬೇಕು. ಒಂದು ಬಿಸ್ಕತ್ ಕದ್ದು ತಿಂದರೂ ಸ್ಕ್ಯಾನ್ ಹಾಳು.

ಪ್ರಶ್ನೆ: ನನಗೆ ಶುಗರ್ ಇಲ್ಲ. ಹಾರ್ಟ್ ಫೇಲ್ಯೂರ್‌ಗೆ ಡಪಾಗ್ಲಿಫ್ಲೋಜಿನ್ ಬರೆದಿದ್ದಾರೆ. ಅಂಗಡಿಯವರು ಇದು ಶುಗರ್ ಮಾತ್ರೆ ಅಂದಿದ್ದಕ್ಕೆ ನಿಲ್ಲಿಸಿದೆ.

ಉತ್ತರ: ನಿಮ್ಮ ವೈದ್ಯರಿಗೆ ಇಂದೇ ಫೋನ್ ಮಾಡಿ, ಮತ್ತೆ ಶುರು ಮಾಡುವುದನ್ನು ಕೇಳಿ. ಈ ಮಾತ್ರೆ ಕೆಲಸ ಮಾಡುವುದು ಮೂತ್ರಪಿಂಡದಲ್ಲಿ. 2019ರ ದೊಡ್ಡ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಶುಗರ್ ಇರಲೇ ಇಲ್ಲ, ಅವರಿಗೂ ಲಾಭವಾಯಿತು. ವಾಂತಿ ಭೇದಿ ಇದ್ದಾಗ, ಉದ್ದನೆಯ ಉಪವಾಸದಲ್ಲಿ, ಆಪರೇಷನ್‌ಗೆ ಮುಂಚೆ ಮಾತ್ರ ವೈದ್ಯರನ್ನು ಕೇಳಿ ತಾತ್ಕಾಲಿಕವಾಗಿ ನಿಲ್ಲಿಸಿ. ಗುಪ್ತಾಂಗದಲ್ಲಿ ತುರಿಕೆ ಬಂದರೆ ನಾಚಿಕೊಂಡು ಮುಚ್ಚಿಡಬೇಡಿ, ಅದು ಫಂಗಸ್, ಔಷಧಿಗೆ ಹೋಗುತ್ತದೆ.