ಆಟಿ ಕಳೆಯುವ ತನಕ ಕೂಸಿನ ಕಣ್ಣಿನ ಆಪರೇಷನ್‌ಗೆ ಕಾಯಬಹುದಾ?

ಪ್ರಶ್ನೆ: ನಮ್ಮ ಮಗ 29 ವಾರಕ್ಕೇ ಹುಟ್ಟಿದ. ತೂಕ 1.1 ಕಿಲೋ. ಆರ್‌ಒಪಿ (ಬೇಗ ಹುಟ್ಟಿದ ಕೂಸುಗಳ ಕಣ್ಣಿನೊಳಗೆ ರಕ್ತನಾಳ ಸರಿಯಾಗಿ ಬೆಳೆಯದ ತೊಂದರೆ) ಅಂತ ಎರಡೂ ಕಣ್ಣಿಗೆ ಲೇಸರ್ ಆಗಿದೆ. ಈಗ ಅವನಿಗೆ 10 ವಾರ. ಬಲಗಣ್ಣು ಸ್ಟೇಜ್ 4ಎ, ಬೇಗ ಆಪರೇಷನ್ ಮಾಡಿಸಿ ಅಂತ ಡಾಕ್ಟರ್ ಹೇಳಿದ್ದಾರೆ. ಮನೆಯ ಹಿರಿಯರು ಆಟಿ (ಶುಭಕೆಲಸ ಮಾಡದ ಮಳೆಗಾಲದ ತುಳು ತಿಂಗಳು) ಕಳೆಯಲಿ, ಕೂಸು ಸ್ವಲ್ಪ ಮೈ ತುಂಬಿಕೊಳ್ಳಲಿ ಅನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಕಾಪು

ಉತ್ತರ: ಕಾಯಬೇಡಿ. ಆಟಿ ಮುಗಿದು ಸೋಣ ತಿಂಗಳು ಬರುವುದರೊಳಗೆ 4ಎ ಇದ್ದದ್ದು 4ಬಿ ಆಗಬಹುದು, 5ಕ್ಕೂ ಹೋಗಬಹುದು.

4ಎ ಅಂದರೆ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಒಳಪರದೆ, ಒಂದು ಕಡೆ ಕಿತ್ತು ಬಂದಿದೆ, ಆದರೆ ನಟ್ಟನಡುವಿನ ಮ್ಯಾಕುಲಾ ಇನ್ನೂ ಜಾಗದಲ್ಲೇ ಇದೆ. ಮುಖ ಗುರುತಿಸುವುದು, ಅಕ್ಷರ ಓದುವುದು ಎಲ್ಲ ಅದರಿಂದಲೇ ಅಲ್ವಾ? 4ಬಿಯಲ್ಲಿ ಅದೂ ಕಿತ್ತಿರುತ್ತದೆ, 5ರಲ್ಲಿ ಇಡೀ ರೆಟಿನಾ. ಆ ಹಂತದಲ್ಲಿ ಎಷ್ಟು ಚೆನ್ನಾಗಿ ಆಪರೇಷನ್ ಮಾಡಿದರೂ ಎಷ್ಟೋ ಮಕ್ಕಳಿಗೆ ಬೆಳಕು, ನೆರಳಷ್ಟೇ ಕಾಣುತ್ತದೆ. ನಿಮ್ಮ ಡಾಕ್ಟರ್ ಸುಮ್ನೆ ಅವಸರ ಮಾಡುತ್ತಿಲ್ಲ.

ಲೇಸರ್ ಆಗಿದೆಯಲ್ಲ, ಮತ್ತೆ ಯಾಕೆ ಅನಿಸಬಹುದು. ಲೇಸರ್ ತಡೆಯುವುದು ಕೆಟ್ಟ ರಕ್ತನಾಳ ಬೆಳೆಯುವುದನ್ನು. ಕೆಲವು ಕಣ್ಣುಗಳಲ್ಲಿ ಅಷ್ಟಾದರೂ ಗಾಯದ ಪೊರೆ ಬೆಳೆದು ರೆಟಿನಾವನ್ನು ಎಳೆಯುತ್ತದೆ. ಅದಕ್ಕೆ ವಿಟ್ರೆಕ್ಟಮಿಯೇ ಬೇಕು: ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಉಪಕರಣ ತೂರಿಸಿ, ಒಳಗಿನ ಲೋಳೆ ತೆಗೆದು, ಆ ಎಳೆತ ಬಿಡಿಸುತ್ತಾರೆ. 4ಎಯಲ್ಲಿ ಸಾಮಾನ್ಯವಾಗಿ ಕಣ್ಣಿನ ಲೆನ್ಸ್ ಉಳಿಸಿಕೊಂಡೇ ಮಾಡಬಹುದು.

ಹಿರಿಯರ ಭಯ ಪೂರ್ತಿ ಸುಳ್ಳಲ್ಲ. ಬೇಗ ಹುಟ್ಟಿದ ಕೂಸುಗಳಿಗೆ ಅನಸ್ತೇಶಿಯಾ ಆದ ಮೇಲೆ ನಡುನಡುವೆ ಉಸಿರು ನಿಲ್ಲುವುದುಂಟು, ರಕ್ತ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಹಾಗಾಗಿ ಮಕ್ಕಳ ಅನಸ್ತೇಶಿಯಾ ತಜ್ಞರು, ಎನ್‌ಐಸಿಯು (ಎಳೆಗೂಸುಗಳ ತೀವ್ರ ನಿಗಾ ಘಟಕ) ಎರಡೂ ಇರುವ ಕಡೆ ಮಾಡಿಸಿ, ಆ ರಾತ್ರಿ ಕೂಸು ಮಾನಿಟರ್ ಹಾಕಿಕೊಂಡೇ ಇರಲಿ. ಇಷ್ಟು ಸಣ್ಣ ಕಣ್ಣಿಗೆ ಕೈ ಹಾಕುವ ಸರ್ಜನ್‌ಗಳು ಕಡಿಮೆ. ಬೆಂಗಳೂರಿಗೆ ಬರೆದುಕೊಟ್ಟರೆ, ಮಳೆಗಾಲದಲ್ಲಿ ಘಾಟಿ ಹತ್ತಬೇಕಲ್ಲ ಅಂತ ಹಿಂಜರಿಯಬೇಡಿ, ದಾರಿಯಲ್ಲಿ ಕೂಸಿನ ಉಸಿರು, ಮೈಬಿಸಿ ಹೇಗೆ ನೋಡಿಕೊಳ್ಳಬೇಕು ಅಂತ ಮಕ್ಕಳ ಡಾಕ್ಟರನ್ನು ಕೇಳಿ ಹೊರಡಿ. ಖರ್ಚಿನ ಚಿಂತೆ ಇದ್ದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಆರ್‌ಒಪಿಯೂ ಸೇರಿದೆ, ಉಡುಪಿ ಜಿಲ್ಲಾಸ್ಪತ್ರೆಯಲ್ಲಿ ಇವತ್ತೇ ವಿಚಾರಿಸಿ.

ಎಡಗಣ್ಣಿನ ತಪಾಸಣೆಯನ್ನೂ ತಪ್ಪಿಸಬೇಡಿ. ಈ ಮಕ್ಕಳಿಗೆ ಮುಂದೆ ಮೈನಸ್ ಪವರ್, ಮೆಳ್ಳೆಗಣ್ಣು ಬರುವ ಸಾಧ್ಯತೆ ಜಾಸ್ತಿ. ವರ್ಷ ತುಂಬುವ ಮೊದಲೇ ಕನ್ನಡಕ ಬರೆದುಕೊಟ್ಟರೂ ಹಾಕಿಸಿ.

ಮನೆಯಲ್ಲಿ ವಾದ ಮಾಡಿ ದಿನ ಕಳೆಯಬೇಡಿ. ನಾಳೆ ಅಜ್ಜಿಯನ್ನೋ ಮಾವನನ್ನೋ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕಣ್ಣಿನೊಳಗಿನ ಫೋಟೊ ಇದ್ದರೆ ಅವರಿಗೂ ತೋರಿಸಲು ಡಾಕ್ಟರ್‌ಗೆ ಹೇಳಿ, ಆಪರೇಷನ್ ತಾರೀಕು ಬರೆಸಿಕೊಂಡೇ ಬನ್ನಿ.