ತಿಂಗಳ ಕಿರಾಣಿ ಎಲ್ಲಿ ತರಬೇಕು?

ಪ್ರಶ್ನೆ: ತಿಂಗಳ ಸಂತಿಗೆ ಮಾಲ್ ಅಗ್ಗವೋ, ದುರ್ಗದಬೈಲಿನ ಕಿರಾಣಿ ಅಂಗಡಿಯೋ? — ಓದುಗರು, ಹುಬ್ಬಳ್ಳಿ

ಉತ್ತರ: ಎಲ್ಲವನ್ನೂ ಒಂದೇ ಕಡೆ ತರಬೇಡಿ. ಸೋಪು, ಚಹಾಪುಡಿ, ಎಣ್ಣೆಗೆ ಮಾಲ್ ಆದೀತು. ಆದರೆ ರಿಯಾಯಿತಿ ನೋಡುವ ಮೊದಲು ತೂಕ ಓದಿ: ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಅಷ್ಟೇ ದೊಡ್ಡದಾಗಿ ಕಾಣುವ ಪಾಕೀಟಿನಲ್ಲಿ 850 ಗ್ರಾಂ ಇರಬಹುದು. ಅದಕ್ಕೆ ₹136 ಕೊಟ್ಟರೆ ಕಿಲೋಗೆ ₹160 ಬಿತ್ತು.

ಜೋಳ, ಮೆಣಸಿನಕಾಯಿ ಮಾತ್ರ ಚೀಲಕ್ಕೆ ಕೈ ಹಾಕಲು ಬಿಡುವ ಅಂಗಡಿಯಲ್ಲೇ ಕೊಳ್ಳಿ. ಜೋಳದ ಕಾಳು ಹಲ್ಲಿಗೆ ಕಟಕ್ಕನೆ ಒಡೆಯಬೇಕು. ಮೆತ್ತಗಿದ್ದರೆ ತೇವವಿದೆ, ಬೇಗ ಹುಳ ಬೀಳುತ್ತದೆ. ಬ್ಯಾಡಗಿ ಕಾಯಿಯ ಸುಕ್ಕು ದೋಷವಲ್ಲ, ಅದೇ ಗುರುತು. ಒಂದೆರಡು ಮುರಿದು ನೋಡಿ: ಒಳಗೆ ಬೂಷ್ಟು ಕಂಡರೆ ಎಷ್ಟೇ ಅಗ್ಗವಾದರೂ ಬೇಡವೇ ಬೇಡ.